ಆಟಿ ಕಳೆಯಲಿ, ಮತ್ತೆ ರಿಜಿಸ್ಟ್ರೇಷನ್

ಮಂಗಳೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂರಲು ಕುರ್ಚಿ ಸಿಗಬೇಕೇ? ಆಟಿ ತಿಂಗಳಲ್ಲಿ ಹೋಗಿ.

ಕಳೆದ ವಾರ ನಾನು ಹೋಗಿದ್ದೆ. ನನಗೊಂದು ಕುರ್ಚಿ, ಬ್ಯಾಗಿಗೊಂದು ಕುರ್ಚಿ, ಒದ್ದೆ ಕೊಡೆಗೂ ಒಂದು ಕುರ್ಚಿ ಸಿಕ್ಕಿತು. ಉಳಿದ ತಿಂಗಳುಗಳಲ್ಲಿ ಅಲ್ಲಿ ಒರಗಿಕೊಳ್ಳಲು ಗೋಡೆ ಸಿಕ್ಕಿದರೆ ಪುಣ್ಯ. ಈಗ ನೋಡಿದರೆ ಫ್ಯಾನಿನ ಕೆಳಗೇ ಜಾಗ. ಅಟೆಂಡರ್ ಬಂದು ‘ಎಂತ ಆಗ್ಬೇಕಿತ್ತು?’ ಎಂದು ತಾನಾಗಿಯೇ ಕೇಳಿದ. ಸರಕಾರಿ ಕಚೇರಿಯಲ್ಲಿ ಹೀಗೆ ಕೇಳಿಸಿಕೊಂಡು ಅಭ್ಯಾಸವಿಲ್ಲದ ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

(ಘಟ್ಟದ ಮೇಲಿನ ಓದುಗರಿಗೆ: ಆಟಿ ಎಂದರೆ ತುಳುವರ ಕ್ಯಾಲೆಂಡರಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು. ನಿಮ್ಮ ಆಷಾಢದ ದಾಯಾದಿ ಎಂದುಕೊಳ್ಳಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಕೆಲಸಕ್ಕೆ ಕೈ ಹಾಕುವಂತಿಲ್ಲ. ಇದಾದ ಮೇಲೆ ಬರುವುದು ಸೋಣ. ಸೋಣ ಬಂದರೆ ಎಲ್ಲದಕ್ಕೂ ಬಾಗಿಲು ತೆರೆಯುತ್ತದೆ.)

ನಾನು ಅಲ್ಲಿಗೆ ಹೋದದ್ದು ಮನೆ ರಿಜಿಸ್ಟ್ರೇಷನ್ನಿಗಲ್ಲ. ಮನೆ ರಿಜಿಸ್ಟ್ರೇಷನ್ ಆಗದೇ ಇದ್ದುದಕ್ಕೆ. ಇದನ್ನು ಹೇಳುವ ಮೊದಲು ನನ್ನ ತಂಗಿಯ ವಿಷಯ ಹೇಳಬೇಕು. ಹೇಳುವಾಗ ಸಿಟ್ಟು ಬಂದರೆ ಕ್ಷಮಿಸಿ. ಮೂರು ವಾರದಿಂದ ಸಿಟ್ಟಿನಲ್ಲೇ ಇದ್ದೇನೆ.

ವನಿತಾ ನನಗಿಂತ ಐದು ವರ್ಷ ಚಿಕ್ಕವಳು. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹದಿನಾರು ವರ್ಷವಾಯಿತು. ಹದಿನಾರು ವರ್ಷವೂ ಹಾಸ್ಟೆಲ್ ರೂಮು, ಒಂದು ಮಂಚ, ಅರ್ಧ ಕಪಾಟು, ಅಡುಗೆಮನೆಯಲ್ಲಿ ಹೆಸರು ಬರೆದಿಟ್ಟ ಡಬ್ಬಗಳು. ಮದುವೆಯಾಗಲಿಲ್ಲ, ಆಗಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ. (ಈ ಬಗ್ಗೆ ಸಲಹೆ ಬರೆದು ಕಳುಹಿಸುವ ಹಿರಿಯ ಓದುಗರು ದಯವಿಟ್ಟು ಪೆನ್ನು ಕೆಳಗಿಡಿ. ನಮ್ಮ ಮನೆಯಲ್ಲಿ ಆ ಚರ್ಚೆ ಮುಗಿದು ಹತ್ತು ವರ್ಷವಾಯಿತು.) ಈ ವರ್ಷ ಪಡೀಲಿನಲ್ಲಿ ಅವಳಿಗೊಂದು ಎರಡು ಬೆಡ್‌ರೂಮಿನ ಹಳೆಯ ಫ್ಲ್ಯಾಟ್ ಕುದುರಿತು. ಸದ್ಯಕ್ಕೆ ಬಾಡಿಗೆಗೆ ಕೊಡುವುದು, ಮುಂದೆ ಕೆಲಸ ಬಿಟ್ಟು ಬಂದಾಗ ಅಲ್ಲಿಯೇ ಇರುವುದು. ಕೇಳಿದವರಿಗೆಲ್ಲ ‘ಇನ್ವೆಸ್ಟ್‌ಮೆಂಟ್’ ಎನ್ನುತ್ತಿದ್ದಳು. ನನಗೆ ಮಾತ್ರ ಬೇರೆ ಹೇಳಿದ್ದಳು.

“ಈ ಸಲ ಸೈನು ನಾನೇ ಹಾಕ್ಬೇಕು ಅಣ್ಣ. ನನ್ನ ಫೋಟೋ, ನನ್ನ ಹೆಬ್ಬೆಟ್ಟು. ಬೇರೆ ಯಾರದ್ದೂ ಬೇಡ.”

(ನಾವು ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.)

‘ಈ ಸಲ’ ಎಂದರೆ ಹಿಂದೊಂದು ಸಲ ಇತ್ತು ಎಂದಾಯಿತಲ್ಲ? ಇತ್ತು. ಅವಳು ಗಲ್ಫಿಗೆ ಹೋದ ಮೊದಲ ವರ್ಷಗಳಲ್ಲಿ ದುಡಿದು ಕಳುಹಿಸಿದ್ದರಲ್ಲಿ ಕೂಳೂರಿನ ಸಂಕದ (ಸೇತುವೆಯ) ಆಚೆ ಆರು ಸೆಂಟ್ಸ್ ಜಾಗ ತೆಗೆದುಕೊಂಡಿದ್ದೆವು. ಅವಳು ಊರಿನಲ್ಲಿರಲಿಲ್ಲ. ಹಾಗಾಗಿ ಅಪ್ಪನ ಹೆಸರಿಗೆ ಮಾಡಿಸಿದೆವು. ‘ಹೆಸರು ಯಾರದ್ದಾದರೆ ಎಂತ, ಮನೆಯದ್ದೇ ಅಲ್ವಾ?’ ಎಂದು ಹೇಳಿದ್ದು ನಾನೇ. ಅಪ್ಪನಿಗೆ ಕಾಯಿಲೆಯಾದಾಗ ಆ ಜಾಗ ಮಾರಿದೆವು. ಮಾರಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೇಳಿದ್ದರೆ ವನಿತಾ ಬೇಡ ಎನ್ನುತ್ತಲೂ ಇರಲಿಲ್ಲ. ಆದರೆ ನಾವು ಕೇಳಲಿಲ್ಲ. ಮಾರಿದ ಮೇಲೆ ಹೇಳಿದೆವು. ಫೋನಿನಲ್ಲಿ ಅವಳು “ಆಯ್ತು” ಎಂದಳು. ಅಷ್ಟೇ. ಆ ‘ಆಯ್ತು’ ನನಗೆ ಇವತ್ತಿಗೂ ಸರಿಯಾಗಿ ಜೀರ್ಣವಾಗಿಲ್ಲ.

ಹಾಗಾಗಿ ಈ ಸಲ ಎಲ್ಲವನ್ನೂ ಅವಳೇ ನೋಡಿದಳು. ಮಸ್ಕತ್ತಿನಲ್ಲಿ ಕುಳಿತು ಮೂಲ ದಾಖಲೆ ತರಿಸಿಕೊಂಡು ಓದಿದಳು. ಋಣಭಾರ ಪತ್ರದಲ್ಲಿ ಹದಿಮೂರು ವರ್ಷ ಸಾಲದು, ಮೂವತ್ತು ವರ್ಷದ್ದು ಬೇಕು ಎಂದಳು. ಇ-ಖಾತಾದಲ್ಲಿ ಅಳತೆ ತಪ್ಪಿದ್ದನ್ನು ಕಂಡುಹಿಡಿದು ಸರಿಮಾಡಿಸಿದಳು. (ನಾನು ಅದನ್ನು ಮೂರು ಸಲ ನೋಡಿ ‘ಎಲ್ಲ ಸರಿ ಉಂಟು’ ಎಂದು ಮೆಸೇಜ್ ಹಾಕಿದ್ದೆ.) ಇನ್ನು ಉಳಿದದ್ದು ಒಂದೇ. ಊರಿಗೆ ಬಂದು ಕ್ರಯಪತ್ರಕ್ಕೆ ಸಹಿ ಹಾಕುವುದು.

ಆಸ್ಪತ್ರೆಯವರು ರಜೆ ಕೊಟ್ಟರು. ಇಪ್ಪತ್ತೊಂದು ದಿನ. ಜುಲೈ ಕೊನೆಯಿಂದ. ಪಾಪ, ಅವರಿಗೆ ಆಟಿಯೂ ಗೊತ್ತಿಲ್ಲ, ಸೋಣವೂ ಗೊತ್ತಿಲ್ಲ.

ಅವಳು ವಿಮಾನದಿಂದಿಳಿದ ಮರುದಿನವೇ ನಾನು ರಘುರಾಮಣ್ಣನಿಗೆ ಫೋನ್ ಮಾಡಿದೆ. ಫ್ಲ್ಯಾಟ್ ಅವರದ್ದು. ಹುಬ್ಬಳ್ಳಿ ಕಡೆ ಮೂವತ್ತು ವರ್ಷ ಹೋಟೆಲ್ ನಡೆಸಿ ಈಗ ಊರಿನಲ್ಲಿ ನೆಮ್ಮದಿಯಾಗಿರುವ ಮನುಷ್ಯ. ದೊಡ್ಡ ಗುತ್ತಿನ ಮನೆಯವರು, ಆದರೆ ದೊಡ್ಡಸ್ತಿಕೆ ಇಲ್ಲ. ಅಡ್ವಾನ್ಸ್ ಕೊಟ್ಟದ್ದು ಬಿಟ್ಟರೆ ನಮ್ಮ ಮಧ್ಯೆ ಇದ್ದದ್ದು ಬಾಯಿಮಾತು ಮಾತ್ರ. ಅವರ ಬಾಯಿಮಾತು ಸ್ಟ್ಯಾಂಪ್ ಪೇಪರಿಗಿಂತ ಗಟ್ಟಿ ಎಂದು ಊರೇ ಹೇಳುತ್ತದೆ.

“ರಘುರಾಮಣ್ಣ, ತಂಗಿ ಬಂದಿದ್ದಾಳೆ. ರಿಜಿಸ್ಟ್ರೇಷನ್ ಯಾವತ್ತು ಇಡುವ?”



“ಓ, ಬಂದ್ರಾ? ಒಳ್ಳೇದಾಯ್ತು. ಆದ್ರೆ ಈಗ ಆಟಿ ಅಲ್ವಾ ಮಾರಾಯ್ರೆ?”

“ಆಟಿ ಆದ್ರೆ ಎಂತ?”

“ಅದನ್ನು ನಿಮಗೆ ನಾನು ಹೇಳ್ಬೇಕಾ? ನೀವು ಬರೆಯುವವರು, ಎಲ್ಲ ಗೊತ್ತುಂಟು. ಸೋಣ ಬರಲಿ. ಸಂಕ್ರಮಣ ಕಳೆದ ವಾರವೇ ಮುಗಿಸಿಬಿಡುವ.”

ಸೋಣ ಸಂಕ್ರಮಣ ಯಾವಾಗ? ವನಿತಾಳ ವಿಮಾನ ಹೊರಟ ಮೂರನೇ ದಿನ!

ಮೂರು ದಿನ. ಆರು ತಿಂಗಳ ಓಡಾಟ, ಮೂವತ್ತು ವರ್ಷದ ಋಣಭಾರ ಪತ್ರ, ತಿದ್ದಿದ ಇ-ಖಾತಾ, ಸಾಲದ ಮಂಜೂರಾತಿ, ಎಲ್ಲ ಬಂದು ನಿಂತದ್ದು ಮೂರು ದಿನದ ಮುಂದೆ. ನಾನು ಮರುದಿನ ಮತ್ತೆ ಫೋನ್ ಮಾಡಿ ವಿಷಯ ಬಿಡಿಸಿ ಹೇಳಿದೆ. ರಜೆ ಮುಂದೆ ಹಾಕಲಿಕ್ಕಾಗುವುದಿಲ್ಲ, ಅವಳಿಗೆ ತಾನೇ ಸಹಿ ಹಾಕಬೇಕೆಂದು ಆಸೆ, ನೀವು ಮನಸ್ಸು ಮಾಡಿದರೆ ಆಗುತ್ತದೆ ಎಂದೆ.

“ನನಗೆ ಎಂತದ್ದೂ ಇಲ್ಲ,” ಎಂದರು ರಘುರಾಮಣ್ಣ. “ನಾನು ಹೋಟೆಲಿನ ಮೊದಲ ಒಲೆ ಹಚ್ಚಿದ್ದೇ ರಾಹುಕಾಲದಲ್ಲಿ. ಆದ್ರೆ ನನ್ನ ಹೆಂಡತಿ ಶಾರದನಿಗೆ ಸ್ವಲ್ಪ…”

‘ನನಗೆ ಎಂತದ್ದೂ ಇಲ್ಲ, ಆದರೆ…’ ಈ ಮಾತನ್ನು ನೀವೂ ಕೇಳಿದ್ದೀರಿ. ನಮ್ಮ ಊರಿನಲ್ಲಿ ನಂಬಿಕೆ ಯಾರಿಗೂ ಇಲ್ಲ. ಪಕ್ಕದವರಿಗೆ ಮಾತ್ರ ಉಂಟು. ಗಂಡನಿಗಿಲ್ಲ, ಹೆಂಡತಿಗೆ ಉಂಟು. ಹೆಂಡತಿಗಿಲ್ಲ, ಅತ್ತೆಗೆ ಉಂಟು. ಅತ್ತೆಯನ್ನು ಕೇಳೋಣವೆಂದರೆ ಅವರು ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ.

ಅದೂ ಹೋಗಲಿ. ನಿಜಕ್ಕೂ ಆಟಿಯಲ್ಲಿ ನಮ್ಮ ಮಂಗಳೂರು ಕೈಕಟ್ಟಿ ಕುಳಿತಿದೆಯೇ? ಪೇಪರಿನ ಮೊದಲ ಪುಟ ನೋಡಿ. ಚಿನ್ನದ ಅಂಗಡಿಯಲ್ಲಿ ಆಟಿ ಆಫರ್. ಹೋಟೆಲಿನಲ್ಲಿ ಆಟಿ ಬಫೆ. ಹಾಲ್ ಹಾಲ್‌ಗಳಲ್ಲಿ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ವೇದಿಕೆ, ಮೈಕು, ಸನ್ಮಾನ. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಈ ತಿಂಗಳು ಮಾನ್ಸೂನ್ ಬುಕಿಂಗ್, ಒಂದು ಬೆಡ್‌ರೂಮಿನ ಜತೆ ಒಂದು ಎ.ಸಿ. ಫ್ರೀ. ಬುಕಿಂಗ್ ಮಾಡಲಿಕ್ಕೆ ಆಟಿ ಅಡ್ಡಿಯಿಲ್ಲ! ಬ್ಯಾಂಕಿನವರು ‘ಈಗ ಆಟಿ, ಕಂತು ಸೋಣದಲ್ಲಿ ಕಟ್ಟಿ’ ಎಂದು ಯಾರಿಗಾದರೂ ಹೇಳಿದ್ದುಂಟೇ? ನಮಗೆ ಮನಸ್ಸಿಲ್ಲದ ಕೆಲಸಕ್ಕೆ ಮಾತ್ರ ಆಟಿ ಅಡ್ಡ ಬರುತ್ತದೆ.

ಮನೆಯಲ್ಲಿ ಇದನ್ನೆಲ್ಲ ಏರುದನಿಯಲ್ಲಿ ಹೇಳುತ್ತಿದ್ದೆ. ಅಮ್ಮ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಕೇಳುತ್ತಿದ್ದರು. ಎಪ್ಪತ್ತಾರು ವರ್ಷದ ಅಮ್ಮ, ಗದ್ದೆಯಲ್ಲಿ ನೇಜಿ ನೆಟ್ಟವರು. ನಮ್ಮ ಮನೆಯಲ್ಲಿ ಆಟಿಯನ್ನು ನಂಬುವ ಹಕ್ಕು ಇರುವುದು ಅವರೊಬ್ಬರಿಗೆ.

“ಆಗ ಆಟಿಯಲ್ಲಿ ಮನೆಯಲ್ಲಿ ಅಕ್ಕಿ ಇರ್ತಿರಲಿಲ್ಲ,” ಎಂದರು. “ಹಳೆ ಭತ್ತ ಮುಗಿದಿರ್ತಿತ್ತು, ಹೊಸತು ಬಂದಿರ್ತಿರಲಿಲ್ಲ. ನೆಂಟರು ಬಂದ್ರೆ ಬಡಿಸ್ಲಿಕ್ಕೆ ಎಂತ ಉಂಟು? ಅದಕ್ಕೆ ಮದುವೆ ಬೇಡ, ಮನೆ ಒಕ್ಕಲು ಬೇಡ ಅಂತ ಮಾಡಿದ್ದು. ಈಗ ನಿಮಗೆಂತ, ಅಕ್ಕಿ ಇಲ್ವಾ?”

ನಾನೂ ಒಂದು ಬೀಜ ಎತ್ತಿಕೊಂಡು ಸಿಪ್ಪೆ ತೆಗೆಯತೊಡಗಿದೆ.

“ಕೂಳೂರಿನ ಜಾಗ ಆಟಿಯಲ್ಲೇ ಕೊಟ್ಟದ್ದು,” ಎಂದು ಅಮ್ಮ ಮುಂದುವರಿಸಿದರು. “ಆಗ ಯಾರೂ ಕ್ಯಾಲೆಂಡರ್ ನೋಡ್ಲಿಲ್ಲ.”

ವನಿತಾ ಅಲ್ಲೇ ಇದ್ದಳು. ಬೀಜದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಆ ವಾರದ ಭಾನುವಾರ ನಾವಿಬ್ಬರೂ ರಘುರಾಮಣ್ಣನ ಮನೆಗೆ ಹೋದೆವು. ಶಾರದಕ್ಕನನ್ನೇ ನೇರವಾಗಿ ಕೇಳಿಬಿಡುವ ಎಂದು ನನ್ನ ಲೆಕ್ಕಾಚಾರ. ಶಾರದಕ್ಕ ಕೆಸುವಿನೆಲೆಯ ಪತ್ರೊಡೆ ಬಡಿಸಿದರು, ವನಿತಾಳ ಕೈ ಹಿಡಿದು “ಎಷ್ಟು ಸಪೂರ ಆಗಿದ್ದಿ ಮಗ” ಎಂದರು, ಮಸ್ಕತ್ತಿನ ಸೆಕೆಯ ಬಗ್ಗೆ ವಿಚಾರಿಸಿದರು. ನಾನು ವಿಷಯಕ್ಕೆ ಬಂದೆ.

“ಶಾರದಕ್ಕ, ನಿಮಗೆ ಆಟಿಯಲ್ಲಿ ರಿಜಿಸ್ಟ್ರೇಷನ್ ಮಾಡಲಿಕ್ಕೆ ಮನಸ್ಸಿಲ್ಲ ಅಂತ ಕೇಳಿದೆ.”

“ನನಗಾ?” ಎಂದು ಅವರು ಗಂಡನ ಮುಖ ನೋಡಿದರು. ರಘುರಾಮಣ್ಣ ಪತ್ರೊಡೆ ನೋಡಿದರು. “ನನಗೆ ಎಂತದ್ದೂ ಇಲ್ಲಪ್ಪ. ಕೊಡುವವರಿಗೆ ಎಂತ ಆಟಿ? ತಗೊಳ್ಳುವವರಿಗೆ ಒಳ್ಳೇದಾಗ್ಬೇಕು ಅಂತ ಅಷ್ಟೆ.”

“ತಗೊಳ್ಳುವವರು ನಾವಲ್ವಾ? ನಮಗೆ ಅಭ್ಯಂತರ ಇಲ್ಲ.”

“ನೀವು ಈಗ ಹಾಗೆ ಹೇಳ್ತೀರಿ. ಇವಳಿಗೆ ಹೋಗುವ ಅವಸರ ಉಂಟಲ್ಲ, ಅದಕ್ಕೆ. ನಾಳೆ ಒಂದು ನಲ್ಲಿ ಹಾಳಾದ್ರೂ ‘ಆಟಿಯಲ್ಲಿ ಕೊಟ್ಟ ಮನೆ’ ಅಂತ ನಮ್ಮ ಹೆಸರು ಬರ್ತದೆ. ನಾವು ನೂರು ವರ್ಷ ಅದನ್ನು ಕೇಳ್ಬೇಕು. ಬೇಡ ಮಾರಾಯ್ರೆ. ನಿಮ್ಮ ಮನಸ್ಸಿನಲ್ಲಿ ಒಂದು ಚೂರು ಶಂಕೆ ಇಟ್ಕೊಂಡು ಮನೆ ತಗೊಳ್ಳುವುದು ಬೇಡ.”

“ಶಂಕೆ ಇಲ್ಲ ಅಂತ ಹೇಳ್ತಾ ಇದ್ದೇನಲ್ಲ!”

“ದಾಕ್ಷಿಣ್ಯಕ್ಕೆ ಹೇಳ್ತೀರಿ,” ಎಂದು ಶಾರದಕ್ಕ ಇನ್ನೆರಡು ಪತ್ರೊಡೆ ಹಾಕಿದರು.

ದಾಕ್ಷಿಣ್ಯ! ಸಾಲ ಸಿಗದೆ ನಿಂತ ವ್ಯವಹಾರ ನೋಡಿದ್ದೇನೆ, ದಾಯಾದಿ ತಕರಾರಿಗೆ ನಿಂತದ್ದು ನೋಡಿದ್ದೇನೆ. ಎರಡೂ ಕಡೆಯವರು ಒಬ್ಬರಿಗೊಬ್ಬರು ಒಳ್ಳೆಯವರಾಗಲು ಹೋಗಿ ನಿಂತ ವ್ಯವಹಾರ ಇದೇ ಮೊದಲು. ಜಗಳವಾದರೆ ವಕೀಲರ ಹತ್ತಿರ ಹೋಗಬಹುದು. ಪತ್ರೊಡೆ ಬಡಿಸುವವರ ಮೇಲೆ ಯಾವ ಕೋರ್ಟಿಗೆ ಹೋಗುವುದು?

ವಾಪಸು ಬರುವಾಗ ವನಿತಾ “ಒಮ್ಮೆ ಪಡೀಲಿಗೆ ಹೋಗಿ ಬರುವ” ಎಂದಳು. ಕೀ ವಾಚ್‌ಮನ್ ಹತ್ತಿರ ಇತ್ತು. ಮೂರನೇ ಮಹಡಿ. ಖಾಲಿ ಮನೆ, ಗೋಡೆಯಲ್ಲಿ ಹಳೆಯ ಕ್ಯಾಲೆಂಡರಿನ ಮೊಳೆ, ಹೊರಗೆ ಧೋ ಎಂದು ಮಳೆ. ನಾನು ಫೋನಿನಲ್ಲಿ ಯಾರಿಗೋ ಸಿಟ್ಟಿನಲ್ಲಿ ಕಥೆ ಹೇಳುತ್ತ ಹಾಲಿನಲ್ಲಿ ತಿರುಗುತ್ತಿದ್ದೆ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿದಳು. ಕಿಟಕಿಗೆ ಗೇಣು ಹಾಕಿ ಅಳೆದಳು. ಕಪಾಟಿನ ನಾಲ್ಕು ಬಾಗಿಲನ್ನೂ ಒಂದೊಂದಾಗಿ ತೆರೆದಳು, ಮುಚ್ಚಿದಳು.

“ಇಡೀ ಕಪಾಟು ಅಣ್ಣ,” ಎಂದಳು.

ನಾನು ಫೋನ್ ಕಟ್ ಮಾಡಿದೆ. ಆದರೆ ಅವಳಿಗೆ ನಾನು ಮಾಡಿಕೊಟ್ಟದ್ದೇನು? ಎರಡನೇ ವಾರದ ಕೊನೆಗೆ ನಾನೇ ಸೋತು ಕೈಚೆಲ್ಲಿದೆ. ಊಟದ ಹೊತ್ತಿಗೆ, ದೊಡ್ಡ ಬುದ್ಧಿವಂತನ ಹಾಗೆ ಹೇಳಿದೆ: “ಪವರ್ ಆಫ್ ಅಟಾರ್ನಿ ಮಾಡಿಬಿಡುವ. ಸೋಣದಲ್ಲಿ ನಿನ್ನ ಪರವಾಗಿ ನಾನು ಸೈನ್ ಹಾಕ್ತೇನೆ. ಸೈನ್ ಯಾರದ್ದಾದ್ರೆ ಎಂತ? ಹೆಸರು ನಿನ್ನದೇ ಅಲ್ವಾ?”

ಹೇಳಿದ ಮೇಲೆ ನನಗೇ ಕೇಳಿಸಿತು. ಕೂಳೂರಿನ ಜಾಗಕ್ಕೆ ‘ಹೆಸರು ಯಾರದ್ದಾದರೆ ಎಂತ’ ಎಂದಿದ್ದವನು, ಈಗ ‘ಸೈನ್ ಯಾರದ್ದಾದರೆ ಎಂತ’ ಎನ್ನುತ್ತಿದ್ದೆ. ನನ್ನ ಮನೆಯವಳು ಸುಜಾತ ಅನ್ನದ ಕೈಯನ್ನು ಹಾಗೆಯೇ ನಿಲ್ಲಿಸಿ ನನ್ನನ್ನು ನೋಡಿದಳು. ವನಿತಾ ಮಾತ್ರ ತಲೆ ಎತ್ತಲಿಲ್ಲ.

“ಆಯ್ತು,” ಎಂದಳು.

ಅದೇ ‘ಆಯ್ತು’.

ಪತ್ರ ಬರೆಸುವುದು ಪ್ರಭಾಕರಣ್ಣನ ಹತ್ತಿರ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಯ ತುಂಬ ಫೈಲು. ಮೂವತ್ತೈದು ವರ್ಷದಿಂದ ಊರಿನ ಜಾಗದ ದಸ್ತಾವೇಜು ಬರೆಯುವವರು. ನಮ್ಮ ಎರಡೂ ಪಾರ್ಟಿಗೆ ಅವರೇ. ಫೋನ್ ಮಾಡಿ ಕೇಳಿದೆ: “ಪ್ರಭಾಕರಣ್ಣ, ಪವರ್ ಆಫ್ ಅಟಾರ್ನಿ ಕೂಡ ಅಲ್ಲಿಗೇ ಬಂದು ರಿಜಿಸ್ಟರ್ ಮಾಡಬೇಕಲ್ಲ? ಅದಕ್ಕೆ ಆಟಿ ಆಗ್ತದಾ?”

“ಅದಕ್ಕೆಂತ ಆಟಿ? ಅದು ಶುಭಕಾರ್ಯ ಅಲ್ಲ ಅಲ್ವಾ!” ಎಂದರು. “ಬುಧವಾರಕ್ಕೆ ಸ್ಲಾಟ್ ಉಂಟು. ಡೀಟೇಲ್ಸ್ ಕೊಡಿ ಮಾರಾಯ್ರೆ.”

ಕೇಳಿದಿರಾ? ಅದೇ ಆಫೀಸು, ಅದೇ ಕ್ಯಾಮೆರಾ, ಅದೇ ಬೆರಳಚ್ಚಿನ ಯಂತ್ರ. ಮನೆ ತೆಗೆದುಕೊಳ್ಳಲು ಹೆಬ್ಬೆಟ್ಟು ಒತ್ತಿದರೆ ಆಟಿ ಅಡ್ಡ ಬರುತ್ತದೆ. ನನ್ನ ಅಧಿಕಾರ ಇನ್ನೊಬ್ಬರಿಗೆ ಕೊಟ್ಟೆ ಎಂದು ಒತ್ತಿದರೆ ಬರುವುದಿಲ್ಲ. ಹೆಣ್ಣುಮಕ್ಕಳು ಕೈಬಿಡುವ ಕೆಲಸಕ್ಕೆ ನಮ್ಮ ಪಂಚಾಂಗದಲ್ಲಿ ಎಲ್ಲ ದಿನವೂ ಒಳ್ಳೆಯ ದಿನ!

ಡೀಟೇಲ್ಸ್ ಕೊಡಲು ನಾನು ಹೊರಟಿದ್ದೆ. ವನಿತಾ ಬೇಡವೆಂದಳು. “ಇಷ್ಟಕ್ಕಾದ್ರೂ ನಾನೇ ಹೋಗ್ತೇನೆ.” ಸೋಮವಾರ ರಿಕ್ಷಾ ಮಾಡಿಕೊಂಡು ಒಬ್ಬಳೇ ಹೋಗಿ ಬಂದಳು. ಬಂದವಳು ಬಟ್ಟೆ ಒಗೆದಳು, ಸೂಟ್‌ಕೇಸ್ ತೆಗೆದಳು. ಸಂಜೆ ಅವಳೂ ಸುಜಾತಳೂ ಜಗಲಿಯಲ್ಲಿ ಬಹಳ ಹೊತ್ತು ಕುಳಿತಿದ್ದರು. ನಾನು ಅಂದುಕೊಂಡೆ, ಪ್ಯಾಕಿಂಗಿನ ವಿಷಯ ಇರಬೇಕು.

ಬುಧವಾರ ಬಂತು. ಮರುದಿನ ಅವಳ ವಿಮಾನ. ಆಫೀಸಿಗೆ ನಾವು ಮೂವರು, ಮತ್ತು ಪ್ರಭಾಕರಣ್ಣ. ನಾನು ಮಡಿಚಿದ ಅಂಗಿ ಬಿಟ್ಟು ಇಸ್ತ್ರಿ ಮಾಡಿದ್ದನ್ನು ಹಾಕಿಕೊಂಡಿದ್ದೆ. ಫೋಟೋ ತೆಗೆಯುತ್ತಾರಲ್ಲ! ಆಧಾರ್ ಕಾರ್ಡನ್ನು ಕಿಸೆಯಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕಂಪ್ಯೂಟರ್ ಮುಂದಿನ ಹುಡುಗಿ ವನಿತಾಳನ್ನು ಕರೆದು ಕೂರಿಸಿದಳು. ಫೋಟೋ ಆಯಿತು, ಹೆಬ್ಬೆಟ್ಟು ಆಯಿತು.

“ಅಧಿಕಾರ ಪಡ್ಕೊಳ್ಳುವವರು ಬನ್ನಿ,” ಎಂದಳು ಹುಡುಗಿ.

ನಾನು ಎದ್ದೆ. ಅಂಗಿ ಸರಿಮಾಡಿಕೊಂಡು ಎರಡು ಹೆಜ್ಜೆ ಇಟ್ಟೆ.

ಸುಜಾತ ಹೋಗಿ ಕುರ್ಚಿಯಲ್ಲಿ ಕುಳಿತಳು.

“ನೀನಲ್ಲ, ನಾನು,” ಎಂದೆ ನಗುತ್ತ. ಅವಳು ಕ್ಯಾಮೆರಾ ನೋಡುತ್ತಿದ್ದಳು. ಹುಡುಗಿ ಪರದೆ ನೋಡಿ “ಸುಜಾತ ಅಂತ ಉಂಟು ಸಾರ್” ಎಂದಳು. ನಾನು ಪ್ರಭಾಕರಣ್ಣನ ಕಡೆ ತಿರುಗಿ “ಎಂತ ಮಾರಾಯ್ರೆ, ಹೆಸರು ತಪ್ಪಾಗಿದೆಯಲ್ಲ!” ಎಂದು ದನಿ ಏರಿಸಿದೆ. ಪ್ರಭಾಕರಣ್ಣ ಫ್ಯಾನ್ ನೋಡತೊಡಗಿದರು.

“ತಪ್ಪಲ್ಲ ಅಣ್ಣ,” ಎಂದಳು ವನಿತಾ. “ನಾನೇ ಬರೆಸಿದ್ದು.”

ಹೊರಗೆ ಬಂದು ಶೀಟಿನ ಮಾಡಿನ ಕೆಳಗೆ ನಿಂತೆವು. ಮಳೆ. ನನಗೆ ಅವಮಾನವೂ ಆಗಿತ್ತು, ಸಿಟ್ಟೂ ಬಂದಿತ್ತು. ಆರು ತಿಂಗಳು ಇದರ ಹಿಂದೆ ಓಡಿದವನು ನಾನು, ಮೂರು ವಾರ ಎಲ್ಲರ ಹತ್ತಿರ ಜಗಳ ಮಾಡಿದವನು ನಾನು. ಕೊನೆಗೆ ನಾನೇ ಬೇಡವಾದೆನೇ? ಕೇಳಿಯೇ ಬಿಟ್ಟೆ.

ವನಿತಾ ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. ನಮ್ಮ ಫೈಲಿನ ರಟ್ಟು. ಅದರ ಮೇಲೆ ಪೆನ್ಸಿಲಿನಲ್ಲಿ ಪ್ರಭಾಕರಣ್ಣನ ಅಕ್ಷರ: ‘ಆಟಿ ಕಳೆದ ಮೇಲೆ. ತೆಗೆದುಕೊಳ್ಳುವವರ ಅಣ್ಣ ಹೇಳಿದ್ದು.’

“ಜೂನಲ್ಲಿ ಅವರು ನಿನಗೆ ಫೋನ್ ಮಾಡಿದ್ರಂತೆ,” ಎಂದಳು. “ಕ್ರಯಪತ್ರದ ಡ್ರಾಫ್ಟ್ ಅಪ್‌ಲೋಡ್ ಮಾಡ್ಲಾ, ಜುಲೈ ಕೊನೆಗೆ ಸ್ಲಾಟ್ ತೆಗೀಲಾ ಅಂತ. ನೀನು ಎಂತ ಹೇಳಿದ್ದು?”

ನೆನಪಾಯಿತು. ಓದುಗರೇ, ಎಲ್ಲ ನೆನಪಾಯಿತು.

ಜೂನ್. ಕೂಳೂರು ಸಂಕದ ಮೇಲೆ ಟ್ರಾಫಿಕ್ ಜಾಮ್. ನಾನು ಬೈಕಿನಲ್ಲಿ, ರೈನ್‌ಕೋಟಿನ ಒಳಗೆ ನೀರು, ಹಿಂದೆ ಲಾರಿಯವನ ಹಾರ್ನ್. ಫೋನ್ ಹೆಲ್ಮೆಟ್ಟಿನೊಳಗೆ ತುರುಕಿಕೊಂಡಿದ್ದೆ. ಪ್ರಭಾಕರಣ್ಣ ಏನೋ ಕೇಳಿದರು. ಅರ್ಧ ಕೇಳಿತು. ನನಗೆ ಫೋನ್ ಇಡಬೇಕಾಗಿತ್ತು. “ಆಟಿ ಒಂದು ಕಳೆಯಲಿ ಪ್ರಭಾಕರಣ್ಣ, ಅವಸರ ಎಂತದು?” ಎಂದೆ. ಇಟ್ಟೆ. ಅಲ್ಲಿಗೇ ಮರೆತೆ.

ರಜೆ ಜುಲೈ ಕೊನೆಗೆಂದು ವನಿತಾ ನನಗೆ ಮೇ ತಿಂಗಳಲ್ಲೇ ಹೇಳಿದ್ದಳು.

ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವವರಲ್ಲ ನಾವು. ಪುರುಸೊತ್ತಿಲ್ಲ ಎನ್ನುವುದಿಲ್ಲ, ಮನಸ್ಸಿಲ್ಲ ಎನ್ನುವುದಿಲ್ಲ. ‘ಆಟಿ ಕಳೆಯಲಿ’ ಎನ್ನುತ್ತೇವೆ. ಎಷ್ಟು ಮರ್ಯಾದೆಯ ಮಾತು! ಎದುರಿನವರೂ ಮತ್ತೆ ಕೇಳುವುದಿಲ್ಲ. ಪ್ರಭಾಕರಣ್ಣ ಅದನ್ನು ರಟ್ಟಿನ ಮೇಲೆ ಬರೆದುಕೊಂಡರು, ರಘುರಾಮಣ್ಣನಿಗೆ ತಿಳಿಸಿದರು: ‘ಪಾರ್ಟಿಯವರು ಆಟಿ ನೋಡು‌ವವರು.’ ರಘುರಾಮಣ್ಣ ಹೆಂಡತಿಗೆ ಹೇಳಿದರು. ಪಾಪದವರು, ನಮ್ಮ ನಂಬಿಕೆಗೆ ನೋವಾಗಬಾರದೆಂದು ಅದನ್ನು ತಮ್ಮದೇ ನಂಬಿಕೆ ಎಂಬಂತೆ ತಲೆ ಮೇಲೆ ಹೊತ್ತುಕೊಂಡರು. ನಾನು ಹೋಗಿ ‘ಅಭ್ಯಂತರ ಇಲ್ಲ’ ಎಂದಾಗ ದಾಕ್ಷಿಣ್ಯ ಎಂದರು. ಅನ್ನದೆ ಇನ್ನೇನು ಮಾಡುತ್ತಾರೆ? ಆದರೂ ಇಬ್ಬರಲ್ಲಿ ಒಬ್ಬರೂ ‘ಹೇಳಿದ್ದು ನೀವೇ ಅಲ್ವಾ’ ಎಂದು ನನ್ನ ಮುಖಕ್ಕೆ ಹೇಳಲಿಲ್ಲ.

ಮೂರು ವಾರ ನಾನು ಬೈದದ್ದು ಯಾರನ್ನು? ಊರನ್ನು ಬೈದೆ, ಪಂಚಾಂಗವನ್ನು ಬೈದೆ, ತೀರಿಹೋದ ಅತ್ತೆಯಂದಿರನ್ನೂ ಬಿಡಲಿಲ್ಲ.

“ಸೋಮವಾರ ಗೊತ್ತಾದ ಕೂಡಲೇ ನನಗೆ ಹೇಳಬಹುದಿತ್ತಲ್ಲ,” ಎಂದೆ. “ಏನಾದರೂ ಮಾಡುತ್ತಿದ್ದೆ.”

“ಪ್ರಭಾಕರಣ್ಣ ಲೆಕ್ಕ ಹಾಕಿದ್ರು. ಡ್ರಾಫ್ಟ್ ಅಪ್‌ಲೋಡ್ ಮಾಡಿ, ಆಫೀಸಿನವರು ಚೆಕ್ ಮಾಡಿ, ಫೀಸು ಕಟ್ಟಿ, ಸ್ಲಾಟ್ ಸಿಗುವಾಗ ಬರುವ ವಾರ ಆಗ್ತದೆ. ಶುಕ್ರವಾರ ಬೇರೆ ರಜೆ. ನಾನು ಆಸ್ಪತ್ರೆಗೂ ಫೋನ್ ಮಾಡಿ ಕೇಳಿದೆ, ಒಂದು ವಾರ ಕೊಡ್ತೀರಾ ಅಂತ. ಇಲ್ಲ ಅಂದ್ರು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಹದಿನಾರು ವರ್ಷದಲ್ಲಿ ನನ್ನ ಮನೆಗೆ ಅಂತ ನಾನು ಹಾಕಿದ ಸೈನು ಇದೊಂದೇ ಅಣ್ಣ. ಬೇರೆಯವರು ಹಾಕ್ಲಿ ಅಂತ ಹಾಕಿದ ಸೈನು.”

ನಾನು ತಪ್ಪಾಯಿತು ಎಂದೆ. ಅವಳು ಆಯ್ತು ಎನ್ನಲಿಲ್ಲ. ಕೊಡೆ ಬಿಡಿಸಿ ಸುಜಾತಳ ಜತೆ ರಸ್ತೆ ದಾಟಿದಳು. ಇಬ್ಬರೂ ಪರದೆ ಬಟ್ಟೆ ನೋಡಲು ಹೋದರು. ಅಳತೆ ಅವಳ ಹತ್ತಿರ ಇತ್ತಲ್ಲ, ಗೇಣಿನಲ್ಲಿ.

ಗುರುವಾರ ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆವು. ಭಾನುವಾರ ಆಟಿ ಕಳೆಯಿತು. ಬರುವ ವಾರ ರಿಜಿಸ್ಟ್ರೇಷನ್. ರಘುರಾಮಣ್ಣ ಬೆಳಿಗ್ಗೆ ಹತ್ತಕ್ಕೇ ಬರುತ್ತಾರಂತೆ, ಶಾರದಕ್ಕ ತಿಂಡಿ ಕಟ್ಟಿಕೊಂಡು. ಫೈಲು ಈಗ ಸುಜಾತಳ ಹತ್ತಿರ. ನಾನು ಕೈ ಚಾಚಿದರೂ ಕೊಡುವುದಿಲ್ಲ. ಪ್ರಭಾಕರಣ್ಣ ಫೋನ್ ಮಾಡುವುದೂ ಅವಳಿಗೇ.

ನಿನ್ನೆ ಈ ಅಂಕಣ ಬರೆಯುತ್ತ ಕುಳಿತಿದ್ದೆ. ಸುಜಾತ ಬಾಗಿಲಲ್ಲಿ ನಿಂತು ಕೇಳಿದಳು: “ಸಾಕ್ಷಿಗೆ ಒಬ್ಬರು ಕಮ್ಮಿ ಇದ್ದಾರೆ. ನೀವು ಬರ್ತೀರಾ, ಇಲ್ಲ ಚೌತಿ ಕಳೀಲಿಕ್ಕುಂಟಾ?”